ಮಾಯಾ ಕಲ್ಲುಗಳಲ್ಲಿ ಮನುಷ್ಯರನ್ನು ಕಂಡ ತಾತ್ಯಾನಾ



ನಾನು ದ್ವಿತೀಯ ಪಿಯುಸಿ ಕಲಾ ವಿಭಾಗದ ವಿದ್ಯಾರ್ಥಿನಿ. ಸೈನ್ಸ್ ವಿಭಾಗದವರಿಗೆ ನನ್ನ ಪರಿಚಯ ಇರುವುದು ಬಯಾಲಜಿ ರೆಕಾರ್ಡ್ ಪುಸ್ತಕದ ಮೂಲಕ. ಜಿರಲೆಯ ಜೀರ್ಣಾಂಗ, ದಾಸವಾಳ ಹೂವಿನ ಸೀಳು ನೋಟ, ಎಲೆಯ ಅಡ್ಡ ಸೀಳು, ಹೀಗೆ ಯಾರ ಯಾರದೋ ರೆಕಾರ್ಡಿನಲ್ಲಿ ನಾನು ಪೆನ್ಸಿಲ್ ಹಿಡಿದು ಕುಳಿತಿದ್ದುಂಟು. (ಬಯಾಲಜಿ ಮೇಡಂ ಇದನ್ನು ಓದಿದರೆ ದಯವಿಟ್ಟು ಕ್ಷಮಿಸಬೇಕು. ಈ ವರ್ಷ ನಿಲ್ಲಿಸಿದ್ದೇನೆ.) ಆ ಕೆಲಸದಿಂದ ನನಗೆ ಒಂದು ವಿಷಯ ಗೊತ್ತಾಯಿತು. ನಮ್ಮ ಮನೆಯ ಹಿತ್ತಲಲ್ಲಿ ದಿನವೂ ನೋಡುವ ದಾಸವಾಳವನ್ನು ನಾನು ಅದರ ಚಿತ್ರ ಬಿಡಿಸುವವರೆಗೆ ಸರಿಯಾಗಿ ನೋಡಿಯೇ ಇರಲಿಲ್ಲ. ಕೇಸರಗಳು ಒಂದು ಕೊಳವೆಗೆ ಅಂಟಿಕೊಂಡಿವೆ, ಆ ಕೊಳವೆಯೊಳಗಿಂದಲೇ ಶಲಾಕೆ ಮೇಲೆ ಬರುತ್ತದೆ ಎಂಬುದು ಪೆನ್ಸಿಲ್ ಹಿಡಿದಾಗ ಮಾತ್ರ ಕಣ್ಣಿಗೆ ಬಿತ್ತು.

ಇತಿಹಾಸ ಮೇಡಂ ಈ ಸಂಚಿಕೆಗೆ ಸಿಲಬಸ್‌ನಲ್ಲಿ ಇಲ್ಲದ ಒಬ್ಬರ ಬಗ್ಗೆ ಬರೆಯಲು ಹೇಳಿದಾಗ ನಾನು ಆರಿಸಿಕೊಂಡದ್ದು ತಾತ್ಯಾನಾ ಪ್ರೊಸ್ಕೂರಿಯಾಕಾಫ್ ಅವರನ್ನು. ಹೆಸರು ಉಚ್ಚರಿಸುವುದು ಕಷ್ಟ, ಒಪ್ಪುತ್ತೇನೆ. ಅವರ ಗೆಳೆಯರೇ ಅದನ್ನು ತಾನ್ಯಾ ಎಂದು ಚಿಕ್ಕದು ಮಾಡಿಕೊಂಡಿದ್ದರು. ಅವರು ಇತಿಹಾಸ ಓದಿದವರಲ್ಲ, ಪುರಾತತ್ತ್ವ ಓದಿದವರೂ ಅಲ್ಲ. ಮಧ್ಯ ಅಮೆರಿಕದ ಕಾಡಿಗೆ ಅವರನ್ನು ಕರೆದುಕೊಂಡು ಹೋದದ್ದು ಚಿತ್ರ ಬಿಡಿಸಲು. ದೊಡ್ಡ ದೊಡ್ಡ ವಿದ್ವಾಂಸರು ಅರ್ಧ ಶತಮಾನ ನೋಡಿಯೂ ಕಾಣದ್ದನ್ನು ಆ ಚಿತ್ರಗಾರ್ತಿ ಕಂಡರು.

ತಾತ್ಯಾನಾ ಹುಟ್ಟಿದ್ದು 1909ರ ಜನವರಿಯಲ್ಲಿ, ರಷ್ಯಾದ ಸೈಬೀರಿಯಾದಲ್ಲಿರುವ ತೋಮ್ಸ್ಕ್ ಎಂಬ ಊರಿನಲ್ಲಿ. ತಂದೆ ರಸಾಯನ ಶಾಸ್ತ್ರ ಬಲ್ಲ ಎಂಜಿನಿಯರ್, ತಾಯಿ ವೈದ್ಯೆ. ಆ ಕಾಲದಲ್ಲಿ ತಾಯಿ ವೈದ್ಯೆ ಎಂದರೆ ಸಣ್ಣ ಮಾತಲ್ಲ. ಮೊದಲನೆಯ ಮಹಾಯುದ್ಧದ ಸಮಯದಲ್ಲಿ ರಷ್ಯಾದ ಸರ್ಕಾರ ಅಮೆರಿಕದಿಂದ ಮದ್ದುಗುಂಡು ತರಿಸುತ್ತಿತ್ತು. ಅದನ್ನು ಪರೀಕ್ಷಿಸಿ ಕಳಿಸುವ ಕೆಲಸಕ್ಕೆ ತಂದೆಯನ್ನು ಅಮೆರಿಕಕ್ಕೆ ನೇಮಿಸಿದರು. ಹೆಂಡತಿ ಮಕ್ಕಳೂ ಹೊರಟರು. ಆದರೆ ಹಡಗು ಉತ್ತರದ ಸಮುದ್ರದ ಹಿಮದಲ್ಲಿ ಸಿಕ್ಕಿಕೊಂಡಿತು. ತಾತ್ಯಾನಾ ಮತ್ತು ಅಕ್ಕ ಇಬ್ಬರಿಗೂ ಕಾಯಿಲೆಯಾಗಿ ಹಿಂದಿರುಗಬೇಕಾಯಿತು. ಮುಂದೆ ಇನ್ನೊಂದು ಪ್ರಯಾಣದಲ್ಲಿ ಅಮೆರಿಕ ತಲುಪಿದರು. ಅಷ್ಟರಲ್ಲೇ 1917ರ ಕ್ರಾಂತಿ ಆಯಿತು. ಹಿಂದೆ ಹೋಗಲು ಅವರ ರಷ್ಯಾ ಉಳಿಯಲಿಲ್ಲ. ಫಿಲಡೆಲ್ಫಿಯಾ ನಗರದ ಪಕ್ಕದಲ್ಲಿ ಕುಟುಂಬ ನೆಲೆಸಿತು.

ಬುದ್ಧಿವಂತ ಹುಡುಗಿ, ಕಾಲೇಜಿನಲ್ಲಿ ವಾಸ್ತುಶಿಲ್ಪ ಓದಿದರು. ಪೆನ್ಸಿಲ್ವೇನಿಯಾ ಸ್ಟೇಟ್ ಕಾಲೇಜಿನಿಂದ ಪದವಿ ಬಂದದ್ದು 1930ರಲ್ಲಿ. ಆ ಇಸವಿಯನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಗಮನಿಸಿ. 1929ರ ಕೊನೆಯಲ್ಲಿ ಅಮೆರಿಕದ ಷೇರು ಮಾರುಕಟ್ಟೆ ಕುಸಿದು ಮಹಾ ಆರ್ಥಿಕ ಕುಸಿತ ಶುರುವಾಗಿತ್ತು. ಕಟ್ಟಡ ಕಟ್ಟುವವರೇ ಇಲ್ಲದಾಗ ನಕ್ಷೆ ಬರೆಯುವವರನ್ನು ಯಾರು ಕೇಳುತ್ತಾರೆ? ಪದವಿ ಕೈಯಲ್ಲಿದ್ದೂ ಅವರು ದೊಡ್ಡ ಅಂಗಡಿಯೊಂದರಲ್ಲಿ ಮಾರಾಟದ ಕೆಲಸಕ್ಕೆ ನಿಂತರು. ಆಮೇಲೆ ಕಸೂತಿಗೆ ಮಾದರಿ ಬರೆದುಕೊಡುವ ಕೆಲಸ ಸಿಕ್ಕಿತು. ಹೊಸ ಹೊಸ ವಿನ್ಯಾಸ ಬೇಕಲ್ಲ, ಅದನ್ನು ಹುಡುಕಿಕೊಂಡು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮ್ಯೂಸಿಯಂಗೆ ಹೋಗುತ್ತಿದ್ದರು. ಅಲ್ಲಿ ಸಂಬಳವಿಲ್ಲದೆ ಪುರಾತತ್ತ್ವದ ವಸ್ತುಗಳ ಚಿತ್ರ ಬಿಡಿಸಿಕೊಡತೊಡಗಿದರು.

ನಮ್ಮ ಮನೆಯಲ್ಲಿ ನಾನು ಆರ್ಟ್ಸ್ ತೆಗೆದುಕೊಂಡಾಗ ಮುಂದೆ ಕೆಲಸ ಏನು ಎಂದು ಕೇಳದ ನೆಂಟರಿಲ್ಲ. ತಾತ್ಯಾನಾ ಎಂಜಿನಿಯರರ ಮಗಳು, ವಾಸ್ತುಶಿಲ್ಪದ ಪದವೀಧರೆ, ಕಸೂತಿ ಮಾದರಿ ಬರೆಯುತ್ತಾ ಕುಳಿತ ಆ ಐದಾರು ವರ್ಷಗಳ ಬಗ್ಗೆ ಓದುವಾಗ ಅವರ ಮನೆಗೆ ಬಂದ ನೆಂಟರು ಏನು ಕೇಳಿರಬಹುದು ಎಂದು ಯೋಚಿಸಿದೆ.

ಆ ಮ್ಯೂಸಿಯಂನಲ್ಲಿ ಲಿಂಟನ್ ಸ್ಯಾಟರ್‌ಥ್ವೇಟ್ ಎಂಬ ಪುರಾತತ್ತ್ವಜ್ಞರು ಇದ್ದರು. ಗ್ವಾಟೆಮಾಲಾ ದೇಶದ ಕಾಡಿನಲ್ಲಿ, ಮೆಕ್ಸಿಕೋ ಗಡಿಯ ಉಸುಮಸಿಂಟಾ ನದಿಯ ದಡದಲ್ಲಿ ಪಿಯೆದ್ರಾಸ್ ನೆಗ್ರಾಸ್ ಎಂಬ ಪಾಳುಬಿದ್ದ ನಗರವನ್ನು ಅವರು ಅಗೆಸುತ್ತಿದ್ದರು. ಸ್ಪ್ಯಾನಿಷ್ ಭಾಷೆಯಲ್ಲಿ ಈ ಹೆಸರಿಗೆ ಕರಿಕಲ್ಲುಗಳು ಎಂದು ಅರ್ಥ. ಕಟ್ಟಡಗಳ ಅಳತೆ ತೆಗೆದು ಚಿತ್ರ ಬಿಡಿಸಬಲ್ಲವರು ಬೇಕಿತ್ತು. ತಾತ್ಯಾನಾ 1936ರಲ್ಲಿ ಅಲ್ಲಿಗೆ ಹೋದರು. ಆಗ ಅವರಿಗೆ 27 ವರ್ಷ.

ಇಲ್ಲಿ ಮಾಯಾ ಜನರ ಬಗ್ಗೆ ಸ್ವಲ್ಪ ಹೇಳಬೇಕು. ಇಂದಿನ ದಕ್ಷಿಣ ಮೆಕ್ಸಿಕೋ, ಗ್ವಾಟೆಮಾಲಾ, ಬೆಲೀಜ್, ಹೊಂಡುರಾಸ್ ಪ್ರದೇಶಗಳಲ್ಲಿ ಬಾಳಿದವರು ಅವರು. ಕ್ರಿ.ಶ. 250ರಿಂದ 900ರವರೆಗೆ ಅವರ ನಗರಗಳು ಬಹಳ ಏಳಿಗೆಯಲ್ಲಿದ್ದವು. ಸೊನ್ನೆ ಅವರಿಗೆ ಗೊತ್ತಿತ್ತು. ಒಂದು ಚುಕ್ಕೆ ಎಂದರೆ ಒಂದು, ಒಂದು ಅಡ್ಡಗೆರೆ ಎಂದರೆ ಐದು. ಎರಡು ಗೆರೆ ಮೂರು ಚುಕ್ಕೆ ಇದ್ದರೆ ಹದಿಮೂರು. ಅವರ ಪುಸ್ತಕಗಳನ್ನು 1562ರಲ್ಲಿ ಡಿಯೇಗೊ ದೆ ಲಾಂದಾ ಎಂಬ ಸ್ಪೇನಿನ ಪಾದ್ರಿ ಮಾನಿ ಎಂಬ ಊರಿನಲ್ಲಿ ರಾಶಿ ಹಾಕಿ ಸುಡಿಸಿದ. ಇಂದು ಇಡೀ ಪ್ರಪಂಚದಲ್ಲಿ ಉಳಿದಿರುವುದು ನಾಲ್ಕೇ ನಾಲ್ಕು. ಉಳಿದದ್ದು ಕಲ್ಲು. ಮಾಯಾ ನಗರಗಳಲ್ಲಿ ಆಳೆತ್ತರದ, ಕೆಲವು ಅದಕ್ಕಿಂತಲೂ ಎತ್ತರದ ನಿಲುಗಲ್ಲುಗಳಿವೆ. ಒಂದು ಕಡೆ ಅಲಂಕಾರ ಮಾಡಿಕೊಂಡ ಒಬ್ಬ ವ್ಯಕ್ತಿ, ಸುತ್ತಮುತ್ತ ಚಿತ್ರದಂಥ ಅಕ್ಷರಗಳು.

ಆ ಅಕ್ಷರಗಳಲ್ಲಿ ವಿದ್ವಾಂಸರಿಗೆ ಮೊದಲು ಅರ್ಥವಾದದ್ದು ಅಂಕಿ ಮತ್ತು ತಾರೀಖು. 19ನೇ ಶತಮಾನದ ಕೊನೆಗೆ ಮಾಯಾ ಪಂಚಾಂಗದ ಲೆಕ್ಕ ಬಿಡಿಸಿ ಆಗಿತ್ತು. ಉಳಿದ ಅಕ್ಷರಗಳು ಓದಲು ಬರುತ್ತಿರಲಿಲ್ಲ. ಹೀಗಾಗಿ ಒಂದು ವಿಚಿತ್ರ ನಂಬಿಕೆ ಬೆಳೆಯಿತು. ಓದಲು ಬರುವುದು ತಾರೀಖು ಮಾತ್ರ, ಆದ್ದರಿಂದ ಕಲ್ಲಿನಲ್ಲಿ ಇರುವುದೂ ತಾರೀಖು ಮಾತ್ರ! ಮಾಯಾ ಜನ ಕಾಲವನ್ನೇ ಪೂಜಿಸುತ್ತಿದ್ದರು, ನಕ್ಷತ್ರ ನೋಡುತ್ತಾ ಶಾಂತವಾಗಿದ್ದ ಪುರೋಹಿತರು ಆಳುತ್ತಿದ್ದರು, ಕಲ್ಲಿನ ಮೇಲಿರುವವರು ದೇವರು ಇಲ್ಲವೆ ಹೆಸರಿಲ್ಲದ ಪುರೋಹಿತರು ಎಂದು ಪುಸ್ತಕಗಳಲ್ಲಿ ಬರೆದರು. ಆ ಕಾಲದ ಬಹು ದೊಡ್ಡ ಮಾಯಾ ತಜ್ಞ, ಇಂಗ್ಲೆಂಡಿನ ಎರಿಕ್ ಥಾಂಪ್ಸನ್ ಅವರ ಅಭಿಪ್ರಾಯವೂ ಇದೇ ಆಗಿತ್ತು. ಹೊಂಡುರಾಸ್‌ನ ಕೋಪಾನ್ ನಗರದಲ್ಲಿ ಚೌಕಾಕಾರದ ಒಂದು ಕಲ್ಲಿನ ಪೀಠವಿದೆ. ಅದರ ನಾಲ್ಕು ಬದಿಯಲ್ಲಿ 16 ಜನ ಕುಳಿತಿದ್ದಾರೆ. ಪಂಚಾಂಗ ಸರಿಪಡಿಸಲು ಸೇರಿದ ಜ್ಯೋತಿರ್ವಿಜ್ಞಾನಿಗಳ ಸಭೆ ಅದು ಎಂದು ಹೇಳಿದವರೂ ಇದ್ದರು. ಅವರು ಒಂದೇ ಮನೆತನದ 16 ಮಂದಿ ರಾಜರು ಎಂದು ಈಗ ಗೊತ್ತಾಗಿದೆ.

ಶಾಸನ ಎಂದರೆ ರಾಜನ ಹೆಸರು, ಅವನ ತಂದೆಯ ಹೆಸರು, ಗೆದ್ದ ಊರು, ಕೊಟ್ಟ ದಾನ ಎಂದು ಕಲಿತಿರುವ ನಮಗೆ ಇದನ್ನು ಕೇಳಿದರೆ ನಗು ಬರಬಹುದು. ಆದರೆ ಓದಲು ಬಾರದ ಲಿಪಿಯ ಮುಂದೆ ನಿಂತಾಗ ಯಾರಿಗೂ ಹೀಗಾಗಬಹುದು.

ತಾತ್ಯಾನಾ ಕಾಡಿನಲ್ಲಿ ಮಾಡಿದ ಕೆಲಸ ಅಳೆಯುವುದು ಮತ್ತು ಬಿಡಿಸುವುದು. ಮರ ಬೆಳೆದು ಕುಸಿದ ಕಲ್ಲಿನ ಗುಡ್ಡೆಯನ್ನು ನೋಡಿ, ಮೆಟ್ಟಿಲು ಎಲ್ಲಿತ್ತು, ಗೋಡೆ ಎಷ್ಟು ಎತ್ತರವಿತ್ತು, ಚಾವಣಿ ಹೇಗಿತ್ತು ಎಂದು ಲೆಕ್ಕ ಹಾಕಿ, ಕಟ್ಟಿದ ದಿನ ಆ ಅರಮನೆ ಹೇಗೆ ಕಾಣುತ್ತಿತ್ತೋ ಹಾಗೆ ಬಿಡಿಸಿದರು. ಆಗ ವಾಸ್ತುಶಿಲ್ಪದ ಓದು ಕೆಲಸಕ್ಕೆ ಬಂತು. ಪಿಯೆದ್ರಾಸ್ ನೆಗ್ರಾಸ್‌ನ ಅಕ್ರೊಪೊಲಿಸ್ ಎಂಬ ಎತ್ತರದ ಅರಮನೆ ಭಾಗದ ಅವರ ಚಿತ್ರವನ್ನು ನೋಡಿದ ಸಿಲ್ವೇನಸ್ ಮೋರ್ಲಿ ಎಂಬ ಹಿರಿಯ ವಿದ್ವಾಂಸರು ಮೆಚ್ಚಿ, ಕಾರ್ನೆಗಿ ಸಂಸ್ಥೆಯ ಪರವಾಗಿ ಕೋಪಾನ್ ಮತ್ತು ಯುಕಟಾನ್‌ಗೆ ಕಳಿಸಿದರು. ಆ ಚಿತ್ರಗಳೆಲ್ಲ ಸೇರಿ 1946ರಲ್ಲಿ ಮಾಯಾ ವಾಸ್ತುಶಿಲ್ಪದ ಆಲ್ಬಂ ಆಗಿ ಪ್ರಕಟವಾಯಿತು. ಇಂದಿಗೂ ಮಾಯಾ ಪುಸ್ತಕಗಳಲ್ಲಿ ಆ ಚಿತ್ರಗಳು ಬರುತ್ತವೆ. ನಾಲ್ಕು ವರ್ಷ ಬಿಟ್ಟು 1950ರಲ್ಲಿ ಶಿಲ್ಪಗಳ ಮೇಲೆ ಇನ್ನೊಂದು ಪುಸ್ತಕ ಬರೆದರು. ನೂರಾರು ಕಲ್ಲುಗಳ ಕಿರೀಟ, ಕಿವಿಯೋಲೆ, ಚಪ್ಪಲಿ, ಗರಿ, ನಿಂತ ಭಂಗಿ ಎಲ್ಲವನ್ನೂ ಒಂದೊಂದಾಗಿ ಗುರುತು ಹಾಕಿ, ಯಾವ ಕಾಲದಲ್ಲಿ ಯಾವುದು ಹೇಗೆ ಬದಲಾಯಿತು ಎಂದು ಪಟ್ಟಿ ಮಾಡಿದರು. ತಾರೀಖು ಅಳಿಸಿಹೋದ ಕಲ್ಲಿನ ಕಾಲವನ್ನೂ ಶೈಲಿಯಿಂದ ಅಂದಾಜು ಮಾಡಲು ಇದರಿಂದ ಸಾಧ್ಯವಾಯಿತು. ಓದಲು ಬಹಳ ಒಣ ಪುಸ್ತಕ ಎನಿಸಬಹುದು. ಆದರೆ ಇಷ್ಟೊಂದು ಕಲ್ಲುಗಳನ್ನು ಇಷ್ಟು ಹತ್ತಿರದಿಂದ ನೋಡಿದವರು ಆಗ ಬಹಳ ಮಂದಿ ಇರಲಿಲ್ಲ.

ಕಾರ್ನೆಗಿ ಸಂಸ್ಥೆ ತನ್ನ ಮಾಯಾ ವಿಭಾಗವನ್ನು 1958ರಲ್ಲಿ ಮುಚ್ಚಿತು. ತಾತ್ಯಾನಾ ಹಾರ್ವರ್ಡ್‌ನ ಪೀಬಾಡಿ ಮ್ಯೂಸಿಯಂ ಸೇರಿದರು. ಆ ಸಮಯದಲ್ಲೇ ಅವರು ತಮ್ಮ ಹಳೆಯ ಪಿಯೆದ್ರಾಸ್ ನೆಗ್ರಾಸ್‌ನ ಕಲ್ಲುಗಳ ಕಡೆಗೆ ತಿರುಗಿದರು.

ಅಲ್ಲಿನ ನಿಲುಗಲ್ಲುಗಳಲ್ಲಿ ಒಂದು ಕ್ರಮವಿತ್ತು. ಹೆಚ್ಚು ಕಡಿಮೆ ಐದು ವರ್ಷಕ್ಕೊಮ್ಮೆ ಒಂದು ಕಲ್ಲು ನಿಲ್ಲಿಸಿದ್ದರು. ಕಲ್ಲುಗಳು ಗುಂಪು ಗುಂಪಾಗಿ ಇದ್ದವು, ಒಂದು ಗುಂಪು ಒಂದು ಕಟ್ಟಡದ ಮುಂದೆ, ಮುಂದಿನ ಗುಂಪು ಇನ್ನೊಂದು ಕಟ್ಟಡದ ಮುಂದೆ. ಹಲವು ಗುಂಪುಗಳ ಮೊದಲ ಕಲ್ಲಿನಲ್ಲಿ ಒಂದೇ ಬಗೆಯ ಚಿತ್ರ: ಎತ್ತರದ ಗೂಡಿನಲ್ಲಿ ಕುಳಿತ ಒಬ್ಬ ವ್ಯಕ್ತಿ, ಕೆಳಗಿನಿಂದ ಅಲ್ಲಿಗೆ ಏಣಿ, ಏಣಿಯ ಮೇಲೆ ಹೆಜ್ಜೆ ಗುರುತು. ಅದನ್ನು ಅಷ್ಟು ದಿನ ದೇವರ ಚಿತ್ರ ಎಂದುಕೊಂಡಿದ್ದರು. ತಾತ್ಯಾನಾ ಒಂದೊಂದು ಗುಂಪಿನ ತಾರೀಖುಗಳನ್ನೂ ಸಾಲಾಗಿ ಬರೆದುಕೊಂಡರು. ಗೂಡಿನ ಕಲ್ಲು ನಿಲ್ಲಿಸುವುದಕ್ಕೆ ಸ್ವಲ್ಪ ಮೊದಲಿನ ಒಂದು ತಾರೀಖಿನ ಜೊತೆ ಯಾವಾಗಲೂ ಒಂದೇ ಅಕ್ಷರ ಬರುತ್ತಿತ್ತು. ತಲೆಗೆ ಬಟ್ಟೆ ಸುತ್ತಿ ಮೇಲೆ ಗಂಟು ಹಾಕಿದ ಮುಖ. ವಿದ್ವಾಂಸರು ತಮಾಷೆಗೆ ಅದನ್ನು ಹಲ್ಲುನೋವಿನ ಅಕ್ಷರ ಎನ್ನುತ್ತಿದ್ದರು. ಅದಕ್ಕಿಂತ 12ರಿಂದ 31 ವರ್ಷ ಹಿಂದಿನ ಇನ್ನೊಂದು ತಾರೀಖು ಇತ್ತು. ಅದರ ಜೊತೆಗೆ ಮುಖ ಮೇಲೆ ಮಾಡಿದ ಕಪ್ಪೆಯ ಅಕ್ಷರ. ಮತ್ತೆ, ಯಾವ ಗುಂಪಿನ ತಾರೀಖುಗಳೂ ಒಬ್ಬ ಮನುಷ್ಯನ ಆಯಸ್ಸಿಗಿಂತ ಉದ್ದ ಹೋಗುತ್ತಿರಲಿಲ್ಲ. ಅಷ್ಟಕ್ಕೆ ನಿಂತು ಹೊಸ ಗುಂಪು, ಹೊಸ ಕಪ್ಪೆ, ಹೊಸ ಹಲ್ಲುನೋವು.

ಇದು ನನಗೆ ಅರ್ಥವಾದದ್ದು ಹೀಗೆ. ನಮ್ಮ ಕಾಲೇಜಿನ ಅಡ್ಮಿಷನ್ ರಿಜಿಸ್ಟರನ್ನು ಕನ್ನಡವೂ ಇಂಗ್ಲಿಷೂ ಬಾರದ ಒಬ್ಬರ ಕೈಗೆ ಕೊಡಿ. ಅವರಿಗೆ ಅಂಕಿ ಮಾತ್ರ ಗೊತ್ತು. ಪ್ರತಿ ಸಾಲಿನಲ್ಲೂ ಎರಡು ತಾರೀಖು, ನಡುವೆ ಯಾವಾಗಲೂ 15, 16, 17 ವರ್ಷ. ಮೊದಲ ತಾರೀಖು ಹುಟ್ಟಿದ ದಿನ, ಎರಡನೆಯದು ಸೇರಿದ ದಿನ ಎಂದು ಒಂದಕ್ಷರ ಓದದೆ ಅವರು ಹೇಳಬಹುದಲ್ಲವೇ? ತಾತ್ಯಾನಾ ಮಾಡಿದ್ದೂ ಅದನ್ನೇ. ಕಪ್ಪೆ ಎಂದರೆ ಹುಟ್ಟಿದ ದಿನ. ಹಲ್ಲುನೋವು ಎಂದರೆ ಪಟ್ಟಕ್ಕೆ ಬಂದ ದಿನ. ಗೂಡಿನಲ್ಲಿ ಕುಳಿತವನು ದೇವರಲ್ಲ, ಆಗ ತಾನೇ ಸಿಂಹಾಸನ ಏರಿದ ರಾಜ. ಅಕ್ಷರದ ಉಚ್ಚಾರಣೆ ಗೊತ್ತಿಲ್ಲದಿದ್ದರೂ ಅರ್ಥ ಸಿಕ್ಕಿತು.

ಮಧ್ಯೆ ಇನ್ನೊಂದು ಮಾತು. ತಾರೀಖುಗಳು ಅವರೊಬ್ಬರ ಬಳಿ ಇದ್ದ ಗುಟ್ಟಲ್ಲ. ಕಲ್ಲುಗಳ ಫೋಟೋಗಳು 1901ರಲ್ಲೇ ಅಚ್ಚಾಗಿದ್ದವು. ಮೋರ್ಲಿ ತಾರೀಖುಗಳನ್ನು ದೊಡ್ಡ ಸಂಪುಟಗಳಲ್ಲಿ ಬರೆದಿಟ್ಟಿದ್ದರು. ಎಲ್ಲರ ಮುಂದೆಯೂ ಇದ್ದ ಅಂಕಿಗಳೇ ಅವು.

ತಾತ್ಯಾನಾ ಲೇಖನದ ಕರಡನ್ನು ಮೊದಲು ತೋರಿಸಿದವರಲ್ಲಿ ಎರಿಕ್ ಥಾಂಪ್ಸನ್ ಒಬ್ಬರು. ಲೇಖನ ಸರಿಯಾದರೆ ಥಾಂಪ್ಸನ್ ಜೀವಮಾನವಿಡೀ ಬರೆದದ್ದರಲ್ಲಿ ದೊಡ್ಡ ಭಾಗ ತಪ್ಪಾಗುತ್ತಿತ್ತು. ಅವರು ಸುಲಭಕ್ಕೆ ಸೋಲೊಪ್ಪುವವರಲ್ಲ. ಮಾಯಾ ಅಕ್ಷರಗಳು ಉಚ್ಚಾರಣೆಯನ್ನು ಸೂಚಿಸುತ್ತವೆ ಎಂದು 1952ರಲ್ಲಿ ರಷ್ಯಾದಿಂದ ಬರೆದ ಯೂರಿ ಕ್ನೊರೊಜೊವ್ ಅವರನ್ನು ಕಟುವಾಗಿ ಟೀಕಿಸಿದ್ದರು (ಕ್ನೊರೊಜೊವ್ ಹೇಳಿದ್ದು ಸರಿ ಎಂದು ಮುಂದೆ ಗೊತ್ತಾಯಿತು). ತಾತ್ಯಾನಾ ಅವರ ಕರಡನ್ನು ನೋಡಿದ ದಿನ ಇದು ಆಗದ ಮಾತು ಎಂದೇ ಹೇಳಿದರು. ಅದನ್ನು ಮನೆಗೆ ತೆಗೆದುಕೊಂಡು ಹೋಗಿ ಓದಿದರು. ಮರುದಿನ ಬಂದು ನೀವೇ ಸರಿ ಎಂದು ಒಪ್ಪಿಕೊಂಡರು. ಈ ಘಟನೆಯಲ್ಲಿ ನನಗೆ ತಾತ್ಯಾನಾ ಅವರಷ್ಟೇ ಥಾಂಪ್ಸನ್ ಕೂಡ ಇಷ್ಟವಾದರು. ಅರವತ್ತರ ಹತ್ತಿರದ ವಯಸ್ಸಿನಲ್ಲಿ, ಒಂದೇ ರಾತ್ರಿಯಲ್ಲಿ!

ಲೇಖನ 1960ರಲ್ಲಿ ಅಮೆರಿಕನ್ ಆಂಟಿಕ್ವಿಟಿ ಎಂಬ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಲ್ಲಿಂದ ಮಾಯಾ ಜನರಿಗೆ ಇತಿಹಾಸ ಬಂತು ಎನ್ನುತ್ತಾರೆ. ಇತಿಹಾಸ ಮೊದಲೇ ಇತ್ತು, ಕಲ್ಲಿನ ಮೇಲೆಯೇ ಇತ್ತು. ಮುಂದಿನ ವರ್ಷ ತಾತ್ಯಾನಾ ಇನ್ನೊಂದು ಲೇಖನ ಬರೆದರು. ಉದ್ದ ನಿಲುವಂಗಿ ತೊಟ್ಟ ಹಲವು ಶಿಲ್ಪಗಳನ್ನು ಅದುವರೆಗೆ ಗಂಡು ಪುರೋಹಿತರು ಎಂದುಕೊಂಡಿದ್ದರು. ಅವರು ಹೆಂಗಸರು ಎಂದು ತೋರಿಸಿದರು. ಆ ಹೆಂಗಸರ ಹೆಸರಿನ ಅಕ್ಷರದ ಮೊದಲು ಹೆಣ್ಣಿನ ತಲೆಯ ಚಿಹ್ನೆ ಬರುವುದನ್ನು ಅವರು ಗುರುತಿಸಿದ್ದರು.

ಪಿಯೆದ್ರಾಸ್ ನೆಗ್ರಾಸ್‌ನ ಮೂರನೇ ಸಂಖ್ಯೆಯ ಕಲ್ಲನ್ನು ನೀವು ಲೈಬ್ರರಿಯಲ್ಲಿ ಮಾಯಾ ಪುಸ್ತಕ ಸಿಕ್ಕರೆ ಹುಡುಕಿ ನೋಡಿ. ಒಬ್ಬ ರಾಣಿ ಪೀಠದ ಮೇಲೆ ಕುಳಿತಿದ್ದಾಳೆ. ಅವಳ ಮೊಣಕಾಲಿಗೆ ಒರಗಿಕೊಂಡು ಒಂದು ಪುಟ್ಟ ಆಕೃತಿ. ಪಕ್ಕದ ಅಕ್ಷರಗಳಲ್ಲಿ ಆ ರಾಣಿ ಹುಟ್ಟಿದ ದಿನವಿದೆ, ಮಗು ಹುಟ್ಟಿದ ದಿನವೂ ಇದೆ. ಕ್ರಿ.ಶ. 708ರಲ್ಲಿ ಹುಟ್ಟಿದ ಹೆಣ್ಣುಮಗು. ಕಲ್ಲು ನಿಲ್ಲಿಸಿದ್ದು 711ರಲ್ಲಿ. ಮೂರು ವರ್ಷದ ಮಗಳು ತಾಯಿಗೆ ಒರಗಿಕೊಂಡದ್ದನ್ನು ದೇವರೆಂದೋ ಪುರೋಹಿತರೆಂದೋ ಹೇಳುತ್ತಾ ಎಷ್ಟೋ ವರ್ಷ ಕಳೆದಿತ್ತು. ಮಾಯಾ ಭಾಷೆಗಳನ್ನು ಇಂದಿಗೂ ಲಕ್ಷಾಂತರ ಜನ ಮಾತನಾಡುತ್ತಾರೆ. ಅವರಿಗೆ ಈ ತಾಯಿ ಮಗಳು ಅಜ್ಜಿಯ ಅಜ್ಜಿಯರು.

ಆಮೇಲೆ ಅದೇ ನದಿಯ ದಡದ ಯಶ್ಚಿಲಾನ್ ನಗರದ ಶಾಸನಗಳನ್ನು ಬಿಡಿಸಿ 1963 ಮತ್ತು 1964ರಲ್ಲಿ ಬರೆದರು. ಅಲ್ಲಿನ ಇಬ್ಬರು ರಾಜರಿಗೆ ಅಕ್ಷರದ ಆಕಾರ ನೋಡಿ ಗುರಾಣಿ ಜಾಗ್ವಾರ್, ಹಕ್ಕಿ ಜಾಗ್ವಾರ್ ಎಂದು ಹೆಸರಿಟ್ಟರು. ಯುದ್ಧ, ಸೆರೆಯಾಳು ಎಲ್ಲವೂ ಆ ಕಲ್ಲುಗಳಲ್ಲಿ ಇತ್ತು. ಶಾಂತ ಪುರೋಹಿತರ ಕಥೆ ಅಲ್ಲಿಗೆ ಮುಗಿಯಿತು. ಚಿಚೆನ್ ಇಟ್ಜಾದ ಬಾವಿಯಿಂದ ತೆಗೆದ ಒಡೆದ ಜೇಡ್ ಹಸಿರುಕಲ್ಲಿನ ಚೂರುಗಳನ್ನು ವರ್ಷಗಟ್ಟಲೆ ಕುಳಿತು ಜೋಡಿಸಿ, ಅದರ ಬಗ್ಗೆ 1974ರಲ್ಲಿ ಪುಸ್ತಕ ತಂದರು. ಪುರಾತತ್ತ್ವದ ಗೌರವವಾದ ಕಿಡ್ಡರ್ ಪದಕ 1962ರಲ್ಲೇ ಬಂದಿತ್ತು, ಗ್ವಾಟೆಮಾಲಾ ದೇಶ 1984ರಲ್ಲಿ ತನ್ನ ಕೆತ್ಸಾಲ್ ಪ್ರಶಸ್ತಿ ನೀಡಿತು. ಅವರು ಮದುವೆಯಾಗಲಿಲ್ಲ. ಪಿಎಚ್‌ಡಿಯನ್ನೂ ಮಾಡಲಿಲ್ಲ. ಕಲಿತ ಪದವಿ 1930ರ ಆ ವಾಸ್ತುಶಿಲ್ಪದ್ದೇ.

ತಾತ್ಯಾನಾ 1985ರ ಆಗಸ್ಟ್‌ನಲ್ಲಿ ತೀರಿಕೊಂಡರು. ಮಾಯಾ ಇತಿಹಾಸದ ಮೇಲೆ ಅವರು ಬರೆಯುತ್ತಿದ್ದ ಪುಸ್ತಕ ಪ್ರಕಟವಾಗಿದ್ದು 1993ರಲ್ಲಿ. ಅವರ ಚಿತಾಭಸ್ಮವನ್ನು ಪಿಯೆದ್ರಾಸ್ ನೆಗ್ರಾಸ್‌ಗೆ ಕೊಂಡೊಯ್ಯಬೇಕಿತ್ತು. ಆದರೆ ಗ್ವಾಟೆಮಾಲಾದಲ್ಲಿ ಆಗ ಅಂತರ್ಯುದ್ಧ, ಆ ಕಾಡಿಗೆ ಹೋಗುವುದು ಅಪಾಯವಾಗಿತ್ತು. ಯುದ್ಧ 1996ರಲ್ಲಿ ಮುಗಿಯಿತು. 1998ರಲ್ಲಿ, ಮುಂದಿನ ಪೀಳಿಗೆಯ ಮಾಯಾ ಲಿಪಿ ತಜ್ಞ ಡೇವಿಡ್ ಸ್ಟುವರ್ಟ್ ಅದನ್ನು ತೆಗೆದುಕೊಂಡು ಹೋದರು. ಹೂಳಿದ ಜಾಗ ಅಕ್ರೊಪೊಲಿಸ್‌ನ ಮೇಲೆ, ನದಿಯಿಂದ ಎತ್ತರದಲ್ಲಿ, ತಾತ್ಯಾನಾ ಅರವತ್ತು ವರ್ಷ ಹಿಂದೆ ಅಳತೆ ಪಟ್ಟಿ ಹಿಡಿದು ಚಿತ್ರ ಬಿಡಿಸಿದ್ದ ಅದೇ ಅರಮನೆಯಲ್ಲಿ.